ಬೆಂದ ಮೊಟ್ಟೆಗೆ ಕಾವು

ರಂಗನಾಯಕನಿಗೆ ಆದ ಅನ್ಯಾಯವನ್ನು ಪೂರ್ತಿ ಕೇಳಿ, ಆಮೇಲೆ ನೀವೇ ತೀರ್ಪು ಹೇಳಿ. ದಿನ ಬೆಳಗಾದರೆ ಮೊಟ್ಟೆ ಬೇಯಿಸುವವನು ಅವನು. ತಣ್ಣೀರಿಗೆ ಹಾಕಿ, ಸಿಪ್ಪೆ ಸುಲಿದು, ಎರಡಾಗಿ ಸೀಳಿ, ಉಪ್ಪು ಮೆಣಸಿನಪುಡಿ ಉದುರಿಸಿ, ಪಿಂಗಾಣಿ ತಟ್ಟೆಯಲ್ಲಿಟ್ಟು ಕೊಡುವವನೂ ಅವನೇ. ತಿನ್ನುವವರು ಮಾತ್ರ ಡಾಕ್ಟರು. ಇದು ಇಂದು ನಿನ್ನೆಯ ಮಾತಲ್ಲ, ಆ ಡಾಕ್ಟರು ನರಸೀಪುರಕ್ಕೆ ವರ್ಗವಾಗಿ ಬಂದ ಲಾಗಾಯ್ತೂ ನಡೆದು ಬಂದದ್ದು. ಇಷ್ಟು ಕಾಲದಲ್ಲಿ ಆ ಪುಣ್ಯಾತ್ಮರ ಬಾಯಿಂದ ‘ರಂಗಾ, ನೀನೂ ಒಂದು ತಗೋ’ ಎಂಬ ಮಾತು ಅಪ್ಪಿತಪ್ಪಿಯೂ ಹೊರಟಿರಲಿಲ್ಲ. (ಸಿಪ್ಪೆಗೆ ಅಂಟಿಕೊಂಡು ಬಂದ ಬಿಳಿಯ ಚೂರನ್ನು ಅವನು ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ಜವಾನನ ಹಕ್ಕು.)

ಹೋಗಲಿ, ಡಾಕ್ಟರು ದೊಡ್ಡವರು, ಮೊಟ್ಟೆಯೂ ಅವರದು. ಆದರೆ ತನ್ನ ಮನೆಯ ಕೋಳಿ, ತನ್ನ ಮನೆಯ ಕಾಳು ತಿಂದು, ತನ್ನ ಮನೆಯ ಹಿತ್ತಿಲಲ್ಲೇ ಇಟ್ಟ ಮೊಟ್ಟೆಯೂ ಮನೆಯ ಯಜಮಾನನಿಗೆ ಇಲ್ಲ ಎಂದರೆ? ಇದನ್ನು ಯಾವ ಧರ್ಮ ಒಪ್ಪುತ್ತದೆ?

ರಂಗನಾಯಕನ ಊರು ನರಸೀಪುರದಿಂದ ನಂಜನಗೂಡಿಗೆ ಹೋಗುವ ದಾರಿಯ ಪಕ್ಕದ ಹಳ್ಳಿ. ಬೆಳಕು ಹರಿಯುವ ಮೊದಲು ನಡೆದು ಹೋಗಿ ಸಂಜೆಗೆ ನಡೆದು ಬರುವಷ್ಟು ದೂರ. ತಲೆಗೆ ಬಿಳಿಯ ರುಮಾಲು, ಎದೆಗೆ ಅಡ್ಡವಾಗಿ ಡವಾಲಿ, ಡವಾಲಿಯ ಮೇಲೆ ಮಹಾರಾಜರ ಸರ್ಕಾರದ ಹಿತ್ತಾಳೆಯ ಬಿಲ್ಲೆ. ಆ ಬಿಲ್ಲೆಯನ್ನು ಹುಣಿಸೇಹಣ್ಣಿನಿಂದ ತಿಕ್ಕಿ ಹೊಳೆಯಿಸಿಕೊಂಡು ಅವನು ಬೀದಿಯಲ್ಲಿ ಬಂದರೆ ಜಗಲಿಯ ಮೇಲೆ ಕೂತ ಮುದುಕರೂ ಕಾಲು ಮಡಚಿಕೊಳ್ಳುತ್ತಿದ್ದರು. ಮನೆಯ ಹೊಸ್ತಿಲು ದಾಟಿದ ಮೇಲೆ ಮಾತ್ರ ಆ ಬಿಲ್ಲೆಗೆ ಕವಡೆಯ ಕಿಮ್ಮತ್ತೂ ಇರಲಿಲ್ಲ. ಅಲ್ಲಿ ದರ್ಬಾರು ಅವನ ಹೆಂಡತಿ ಕೆಂಪಾಜಮ್ಮನದು.

ಬೇಸಗೆ ಬಂತೆಂದರೆ ಡಾಕ್ಟರಿಗೆ ಇನ್ನೊಂದು ಕೆಲಸ ಹೆಗಲೇರುತ್ತಿತ್ತು. ಊರೂರಿಗೆ ಹೋಗಿ, ಮ್ಯಾಜಿಕ್ ಲ್ಯಾಂಟರ್ನ್ ಎಂಬ ದೀಪದ ಪೆಟ್ಟಿಗೆಯಿಂದ ಬಿಳಿಯ ಬಟ್ಟೆಯ ಮೇಲೆ ಚಿತ್ರ ಬೀಳಿಸಿ, ಜನರಿಗೆ ಆರೋಗ್ಯದ ವಿಷಯ ಬೋಧಿಸುವುದು. ಬೋಧಿಸುವವರು ಡಾಕ್ಟರು. ಪೆಟ್ಟಿಗೆ ಹೊರುವವನು, ಬಟ್ಟೆ ಕಟ್ಟುವವನು, ದೀಪ ಹಚ್ಚುವವನು, ಗಾಜಿನ ಚಿತ್ರಗಳನ್ನು ಒಂದೊಂದಾಗಿ ತೂರಿಸುವವನು ರಂಗನಾಯಕ. ಕೇಳಿ ಕೇಳಿ ಆ ಉಪನ್ಯಾಸ ಅವನಿಗೆ ಬಾಯಿಪಾಠವಾಗಿ ಹೋಗಿತ್ತು.

“ಮಹಾಜನರೇ, ಬರಿಯ ಹಿಟ್ಟು ಉಂಡರೆ ಸಾಲದು,” ಎಂದು ಡಾಕ್ಟರು ಕೋಲಿನಿಂದ ಬಟ್ಟೆಯನ್ನು ಮುಟ್ಟಿ ತೋರಿಸುತ್ತಿದ್ದರು. “ರಾಗಿ ಬಲ ಕೊಡುತ್ತದೆ. ಸೊಪ್ಪು ರಕ್ತವನ್ನು ಶುದ್ಧಿ ಮಾಡುತ್ತದೆ. ಬೇಳೆ, ಹಾಲು ಮೈ ಬೆಳೆಸುತ್ತವೆ. ಇವೆಲ್ಲ ಹದವಾಗಿ ಸೇರಿದರೆ ಅದು ಆಹಾರ. ಇನ್ನು ಈ ಮೊಟ್ಟೆಯನ್ನು ನೋಡಿ. ಒಂದು ಜೀವ ರೂಪುಗೊಳ್ಳುವುದಕ್ಕೆ ಬೇಕಾದದ್ದೆಲ್ಲ ಈ ಸಿಪ್ಪೆಯ ಒಳಗಿದೆ. ಬಿಳಿಯ ಭಾಗ ಮಾಂಸ ಕಟ್ಟುತ್ತದೆ, ಹಳದಿಯ ಭಾಗ ನರಗಳಿಗೆ ಪುಷ್ಟಿ. ಹಸಿಯಾಗಿ ಕುಡಿಯಬೇಡಿ, ಬೇಯಿಸಿ ತಿನ್ನಿ. ದುಡಿದು ದೇಹ ಸವೆದವರಿಗೆ ಇದಕ್ಕಿಂತ ಉತ್ತಮವಾದ ಆಹಾರ ಇನ್ನೊಂದಿಲ್ಲ.”

ಆ ಕೊನೆಯ ಮಾತು ಬಂದಾಗಲೆಲ್ಲ ರಂಗನಾಯಕನ ಕತ್ತು ತಾನಾಗಿ ನೋಯುತ್ತಿತ್ತು. ಏಕೆಂದರೆ ಆ ಪೆಟ್ಟಿಗೆಯನ್ನು ಹೊತ್ತು ಸವೆದ ಕತ್ತು ಅದೇ. (ಸೋಸಲೆಗೆ ಹೋದಾಗ ಡಾಕ್ಟರು ಮೆಲ್ಲಗೆ ‘ರಂಗಾ, ಇದು ಮಠದ ಊರು, ಮೊಟ್ಟೆಯ ಗಾಜು ಹಾಕಬೇಡ, ಹಸುವನ್ನೇ ಎರಡು ಸಲ ಹಾಕು’ ಎಂದಿದ್ದರು. ಮೊಟ್ಟೆಯ ಸತ್ವ ಹೊಳೆ ದಾಟುವಷ್ಟರಲ್ಲಿ ಎಲ್ಲಿ ಹೋಯಿತು ಎಂದು ರಂಗನಾಯಕನಿಗೆ ಬಹಳ ಸಿಟ್ಟು ಬಂದಿತ್ತು. ಮೊಟ್ಟೆಯ ಮಾನ ಕಾಯುವವನು ಈ ತಾಲ್ಲೂಕಿನಲ್ಲಿ ತಾನೊಬ್ಬನೇ ಎಂದು ಅವತ್ತೇ ಅವನಿಗೆ ಅನ್ನಿಸಿಬಿಟ್ಟಿತು.)

ಮೊಟ್ಟೆ ಬೇಯಿಸುವುದರಲ್ಲಂತೂ ಅವನನ್ನು ಮೀರಿಸುವವರಿಲ್ಲ. ಸುಮ್ಮನೆ ಬಿಸಿನೀರಿಗೆ ಹಾಕಿದರೆ ಸಿಪ್ಪೆ ಬಿರಿಯುತ್ತದೆ. ಅದಕ್ಕೆ ಡಾಕ್ಟರು ಒಂದು ಉಪಾಯ ಕಲಿಸಿದ್ದರು: ಮೊಟ್ಟೆಯ ದಪ್ಪ ತುದಿಗೆ ಗುಂಡುಸೂಜಿಯಿಂದ ಸಣ್ಣಗೆ ಚುಚ್ಚಿ ಆಮೇಲೆ ಬೇಯಿಸಬೇಕು. ಆ ಗುಂಡುಸೂಜಿ ಸದಾ ರಂಗನಾಯಕನ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿರುತ್ತಿತ್ತು. ಈ ವಿದ್ಯೆ ಸುತ್ತ ಹತ್ತೂರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲವೆಂದು ಅವನಿಗೆ ಜಂಬ.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅವನು ಧೈರ್ಯ ಮಾಡಿ ವಿಷಯ ಎತ್ತಿದ. ಕೆಂಪಾಜಮ್ಮ ಒಲೆಯ ಮುಂದೆ ಕೂತು ಮುದ್ದೆಗೆ ಕೋಲು ತಿರುವುತ್ತಿದ್ದಳು.

“ಅಮ್ಮೀ, ನಾಳಿಂದ ನಂಗೆ ದಿನಕ್ಕೊಂದು ಮೊಟ್ಟೆ ಬೇಯ್ಸಿ ಕೊಡು.”

“ಯಾಕೆ, ಜರ ಬಂದದಾ?”

“ಜರ ಬಂದೋರ್ಗಲ್ಲ ಕನೆ. ದುಡ್ದು ಮೈ ಸವ್ದೋರ್ಗೆ. ಬಿಳೀದು ಮಾಂಸ ಕಟ್ತದೆ, ಅಳ್ದೀದು ನರಕ್ಕೆ ಪುಸ್ಟಿ. ಡಾಕ್ಟ್ರೇ ಏಳವ್ರೆ.”

“ನಿಂಗ್ಯಾವ ನರ ಸವ್ದೋಗದೆ? ಮಾತಾಡೋರು ಅವ್ರು. ನೀನು ದೀಪದ್ ಪಕ್ದಲ್ಲಿ ನಿಂತ್ಕಂಡು ಆಕಳಿಸ್ತೀಯೆ.”

“ಪೆಟ್ಗೆ ಒರೋನು ಯಾರು? ನಿಮ್ಮಪ್ಪನಾ?”

“ನಮ್ಮಪ್ಪ ಒತ್ತಿದ್ರೆ ಮೊಟ್ಟೆ ಕೇಳ್ತಿರ್ನಿಲ್ಲ,” ಎಂದು ಕೆಂಪಾಜಮ್ಮ ಮುದ್ದೆಯನ್ನು ತಟ್ಟೆಗೆ ಹಾಕಿದಳು. “ನೋಡು, ಮಗ್ಳು ಮೂರು ತಿಂಗ್ಳು ಬಸ್ರಿ. ಗೌರಿ ಅಬ್ಬದೊತ್ಗೆ ಬಾಣಂತನಕ್ಕೆ ಬತ್ತಳೆ. ಬಾಣಂತಿಗೆ ಎಳೇ ಕೋಳಿ ಸಾರು ಕೊಡ್ಬೇಕಾ, ಬ್ಯಾಡ್ವಾ? ಆ ಕೋಳಿ ಎಲ್ಲಿಂದ ಬರ್ಬೇಕು, ನಿನ್ ಡಾಕ್ಟ್ರು ಪೆಟ್ಗೆಯಿಂದ್ಲಾ? ರಾಗಿ ಮಡಕೇಲಿ ಮೊಟ್ಟೆ ಕೂಡಾಕ್ತಾ ಇವ್ನಿ. ಕಾವ್ಗೆ ಕೂರ್ಸ್ಬೇಕು. ಅದ್ರ ತಂಟೆಗೆ ಬಂದೀಯೆ, ಉಸಾರು.”

“ಅಷ್ಟರಲ್ಲಿ ಒಂದೇ ಒಂದು ಕನೆ...”

“ಇವತ್ತು ಒಂದು ಅಂತೀಯೆ. ಅಲ್ದೆ ಮೊಟ್ಟೆ ಉಸ್ಣ. ಈ ಬಿಸ್ಲಲ್ಲಿ ತಿಂದು ಕಣ್ಣುರಿ ಅಂತ ಕುಂತ್ಕಂಡ್ರೆ ಎಳ್ಳೆಣ್ಣೆ ತಿಕ್ಕೋರು ಯಾರು? ಉಣ್ಣು, ಇಟ್ಟು ಆರೋಯ್ತದೆ.”

ರಂಗನಾಯಕ ಮುದ್ದೆ ಮುರಿದ. ಮಗಳ ಮೇಲೆ ಅವನಿಗೂ ಪ್ರಾಣವೇ. ಆದರೆ ಇನ್ನೂ ಹುಟ್ಟದ ಕೂಸಿನ ಬಾಣಂತನಕ್ಕೆ ಇನ್ನೂ ಹುಟ್ಟದ ಕೋಳಿಯನ್ನು ಕಾಯ್ದಿರಿಸಿ, ಹುಟ್ಟಿ ಐವತ್ತು ವರ್ಷ ಸವೆದ ಗಂಡನ ಬಾಯಿ ಕಟ್ಟುವುದು ಎಲ್ಲಿಯ ನ್ಯಾಯ? ಕಚೇರಿಯಲ್ಲಾದರೆ ಮೇಲಿನವರಿಗೆ ಅರ್ಜಿ ಕೊಡಬಹುದಿತ್ತು. ಕೆಂಪಾಜಮ್ಮನಿಗೆ ಮೇಲಿನವರು ಯಾರೂ ಇರಲಿಲ್ಲ. ಅವನು ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹೆಂಡತಿ ಅದನ್ನು ಗಮನಿಸಲೂ ಇಲ್ಲ. ಅದರಿಂದ ಅವನ ಸಿಟ್ಟು ಇನ್ನಷ್ಟು ಏರಿತು.

ಮುಂದಿನ ಸಂತೆಯ ದಿನ ದೈವವೇ ದಾರಿ ತೋರಿಸಿತು. ಡಾಕ್ಟರು ಮೈಸೂರಿಗೆ ಹೋಗಿದ್ದರಿಂದ ಅವನಿಗೆ ಕೆಲಸವಿರಲಿಲ್ಲ. ಕೆಂಪಾಜಮ್ಮ ಅವರೆಕಾಳಿನ ಕುಕ್ಕೆ ಹೊತ್ತು ನರಸೀಪುರದ ಸಂತೆಗೆ ಹೊರಟಳು. ಹೊತ್ತು ಮುಳುಗುವ ಮುಂಚೆ ಬರುವವಳಲ್ಲ. ಬಾಗಿಲು ಮುಂದೆ ಮಾಡಿಕೊಂಡು ರಂಗನಾಯಕ ರಾಗಿಯ ಮಡಕೆಗೆ ಕೈ ಹಾಕಿದ. ಒಂದೊಂದಾಗಿ ಹನ್ನೊಂದು ಮೊಟ್ಟೆ ಸಿಕ್ಕಿದವು.

ಮೊದಲು ಅವನು ಎರಡನ್ನು ಮಾತ್ರ ಬೇಯಿಸಬೇಕೆಂದಿದ್ದ. ಆದರೆ ಯೋಚನೆ ಮಾಡಿ ನೋಡಿ. ಹೆಂಡತಿ ಸಂತೆಗೆ ಹೋಗುವುದು ವಾರಕ್ಕೊಮ್ಮೆ. ಕದ್ದು ಒಲೆ ಹಚ್ಚಲು ಸಿಗುವ ಅವಕಾಶ ಒಂದೇ. ಡಾಕ್ಟರೂ ಕ್ಯಾಂಪಿಗೆ ಹೊರಡುವಾಗ ಮುಂದಿನ ದಿನಗಳಿಗೆಂದು ಒಟ್ಟಿಗೆ ಬೇಯಿಸಿಯೇ ಒಯ್ಯುತ್ತಿದ್ದರು. ಆದ್ದರಿಂದ ಎಲ್ಲವನ್ನೂ ಈಗಲೇ ಬೇಯಿಸಿ, ಮತ್ತೆ ರಾಗಿಯೊಳಗೇ ಹೂತಿಟ್ಟು, ಹೆಂಡತಿ ನೀರಿಗೆ ಹೋದಾಗ ದಿನಕ್ಕೊಂದರಂತೆ ಮುಗಿಸುವುದು. ಕಡಿಮೆಯಾದದ್ದು ಅವಳಿಗೆ ಗೊತ್ತಾದರೆ ಹೆಗ್ಗಣದ ಮೇಲೆ ಹೇಳುವುದು. ಎಂಥ ಏರ್ಪಾಡು! ದಿವಾನರಿಗೂ ಹೊಳೆಯುವಂಥದಲ್ಲ ಎಂದು ರಂಗನಾಯಕ ತನ್ನನ್ನು ತಾನೇ ಮೆಚ್ಚಿಕೊಂಡ.

ರುಮಾಲಿನಿಂದ ಗುಂಡುಸೂಜಿ ತೆಗೆದು ಹನ್ನೊಂದಕ್ಕೂ ಚುಚ್ಚಿ ಬೇಯಿಸಿದ. ಒಂದೂ ಬಿರಿಯಲಿಲ್ಲ. ಮೈ ಒರೆಸಿ ಹತ್ತನ್ನು ರಾಗಿಯಲ್ಲಿ ಹೂತ. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡ. ಬಾಯಿಯಲ್ಲಿ ನೀರು ಬಂತು. ಅಷ್ಟರಲ್ಲೇ ತಿಂದುಬಿಟ್ಟಿದ್ದರೆ ಈ ಕಥೆಯಲ್ಲಿ ಅವನ ಪಾಲಿಗೆ ಒಂದು ಮೊಟ್ಟೆಯಾದರೂ ದಕ್ಕುತ್ತಿತ್ತು. ಆದರೆ ಡಾಕ್ಟರು ಮೆಣಸಿನಪುಡಿ ಇಲ್ಲದೆ ತಿನ್ನುವುದಿಲ್ಲ, ತಾನೇಕೆ ತಿನ್ನಬೇಕು? ಅವನು ಮೊಟ್ಟೆ ಹಿಡಿದುಕೊಂಡೇ ನಾಗೊಂದಿಗೆಯ ಮೇಲೆ ಕರಿಮೆಣಸು ಹುಡುಕತೊಡಗಿದ. ಜೀರಿಗೆ ಸಿಕ್ಕಿತು, ಮೆಂತ್ಯ ಸಿಕ್ಕಿತು, ಮೆಣಸು ಸಿಗಲಿಲ್ಲ. ಬಾಗಿಲಾಚೆ ಕೆಂಪಾಜಮ್ಮನ ಗಂಟಲು ಕೇಳಿಸಿತು.

ಹನ್ನೊಂದನೆಯ ಮೊಟ್ಟೆಯೂ ಮಡಕೆ ಸೇರಿತು. ಅವನು ಒಲೆಯ ಮೇಲೆ ನೀರು ಸುರಿದು, ಹೊಗೆಯ ನಡುವೆ ಕೆಮ್ಮುತ್ತ ನಿಂತ.

ಕೆಂಪಾಜಮ್ಮ ಒಬ್ಬಳೇ ಬಂದಿರಲಿಲ್ಲ. ಜೊತೆಗೆ ಪಕ್ಕದ ಮನೆಯ ಸಾಕಮ್ಮ. ಸಾಕಮ್ಮನ ಕಂಕುಳಲ್ಲಿ ಒಂದು ಕರಿಯ ಕೋಳಿ, ಕೆಂಡದಂಥ ಕಣ್ಣು ಬಿಟ್ಟುಕೊಂಡು ಕೊರ್ ಎನ್ನುತ್ತಿತ್ತು. ಕೆಂಪಾಜಮ್ಮನ ಕೋಳಿಗಳು ಮೊಟ್ಟೆ ಇಡುವುದರಲ್ಲಿ ಶೂರ, ಕಾವಿಗೆ ಕೂರುವುದರಲ್ಲಿ ಸೋಮಾರಿ. ಸಾಕಮ್ಮನ ಕರಿ ಕೋಳಿ ಕೂತರೆ ಏಳುವುದಿಲ್ಲವೆಂದು ಊರಿಗೇ ಪ್ರಸಿದ್ಧ. ಅದಕ್ಕೇ ಇಬ್ಬರೂ ಪಾಲಿನ ಮಾತಾಡಿಕೊಂಡಿದ್ದರು: ಕೋಳಿ ಸಾಕಮ್ಮನದು, ಮೊಟ್ಟೆ ಕೆಂಪಾಜಮ್ಮನದು, ಮರಿಗಳಲ್ಲಿ ಸಮಪಾಲು. ಕೋಳಿ ಕಾವಿಗೆ ಬಂದಿದೆ ಎಂದು ಸಾಕಮ್ಮ ದಾರಿಯಲ್ಲೇ ಸಿಕ್ಕಿ ಹೇಳಿದ್ದರಿಂದ ಕೆಂಪಾಜಮ್ಮ ಸಂತೆಯನ್ನೂ ಬಿಟ್ಟು ಹಿಂದಿರುಗಿದ್ದಳು.

“ಒಳ್ಳೆ ದಿನ, ಈಗ್ಲೇ ಕೂರ್ಸ್ಬುಡಾನ,” ಎಂದಳು ಕೆಂಪಾಜಮ್ಮ, ಹೊಗೆ ಏಕೆಂದು ಕೇಳುವಷ್ಟೂ ಪುರುಸೊತ್ತಿಲ್ಲದೆ. ಹಳೆಯ ಕುಕ್ಕೆಗೆ ಮರಳು ಹಾಕಿ, ಹುಲ್ಲು ಹಾಸಿ, ಗುಡುಗು ಸಿಡಿಲಿಗೆ ಮೊಟ್ಟೆ ಕೆಡದಂತೆ ಒಂದು ಕಬ್ಬಿಣದ ಚೂರು, ಕೆಟ್ಟ ಕಣ್ಣು ತಾಗದಂತೆ ಒಂದು ಇದ್ದಿಲು, ಒಂದು ಒಣಮೆಣಸಿನಕಾಯಿ ಇಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು. “ನೀನು ಮಡಕೆಯಿಂದ ಒಂದೊಂದೇ ತೆಗ್ದು ಕೊಡು, ನಾನು ಮಡಗ್ತೀನಿ. ಗಂಡಸ್ರು ಮಡಗುದ್ರೆ ಎಲ್ಲಾ ಉಂಜನೇ ಉಟ್ತವೆ. ನಂಗೆ ಮೊಟ್ಟೆ ಇಡೋ ಯಾಟೆ ಬೇಕು.”

ಹೀಗೆ, ಓದುಗರೇ, ತಾನು ಕೈಯಾರೆ ಬೇಯಿಸಿದ ಮೊಟ್ಟೆಗಳನ್ನು ಕೈಯಾರೆ ಎತ್ತಿ ಕಾವಿಗೆ ಕೊಡುವ ಭಾಗ್ಯವೂ ರಂಗನಾಯಕನಿಗೇ ಬಂತು.

“ಇದ್ಯಾಕೆ ಇಷ್ಟು ಬೆಚ್ಚಗವೆ?” ಎಂದಳು ಕೆಂಪಾಜಮ್ಮ ಮೊದಲನೆಯದನ್ನು ಮುಟ್ಟುತ್ತಲೇ.

“ರಾಗಿ ಒಳ್ಗಿದ್ವಲ್ಲ. ರಾಗಿ ಉಸ್ಣ.”

“ರಾಗಿ ತಂಪಲ್ವಾ?”

“ಮಡ್ಕೇಲಿದ್ರೆ ಉಸ್ಣ, ಒಟ್ಟೇಲಿದ್ರೆ ತಂಪು,” ಎಂದ ರಂಗನಾಯಕ. ಡಾಕ್ಟರ ಜವಾನ ಹೇಳಿದ ಮೇಲೆ ಇದ್ದರೂ ಇರಬಹುದೆಂದು ಹೆಂಗಸರು ತಲೆದೂಗಿದರು.

“ಒಳ್ಳೆ ಸಕುನ ಕನಕ್ಕಾ,” ಎಂದಳು ಸಾಕಮ್ಮ. “ಕೂರೋಕ್ ಮುಂಚೇನೇ ಕಾವು ಅತ್ಕಂಡದೆ.”

ಕರಿ ಕೋಳಿ ರೆಕ್ಕೆ ಅಗಲಿಸಿ ಹನ್ನೊಂದರ ಮೇಲೂ ಕೂತಿತು. ಯಾರೋ ಸಿಂಹಾಸನ ಕೊಟ್ಟ ಹಾಗೆ ಒಮ್ಮೆ ಸುತ್ತ ನೋಡಿ ಕಣ್ಣು ಮುಚ್ಚಿತು.

ಆಗಲೇ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ಕೆಂಪಾಜಮ್ಮನನ್ನು ನೋಡಿಲ್ಲ. ಅವಳ ಕೈಯಲ್ಲಿ ಆಗ ಕಬ್ಬಿಣದ ಇನ್ನೊಂದು ಚೂರು ಬೇರೆ ಇತ್ತು. ರಂಗನಾಯಕ ಬೇರೆ ದಾರಿ ಯೋಚಿಸಿದ: ಹೇಗೂ ಬೆಂದದ್ದು ಬೆಂದಾಗಿದೆ, ದಿನಕ್ಕೊಂದನ್ನು ಕೋಳಿಯ ಕೆಳಗಿನಿಂದಲೇ ತೆಗೆದು ತಿಂದರಾಯಿತು. ಮಾರನೆಯ ದಿನ ಹೆಂಡತಿ ನೀರಿಗೆ ಹೋದೊಡನೆ ಕುಕ್ಕೆಗೆ ಮೆಲ್ಲಗೆ ಕೈ ಹಾಕಿದ. ಕೋಳಿ ಕಣ್ಣು ತೆರೆಯಿತು. ಆಮೇಲೆ ಏನಾಯಿತೆಂದು ಅವನು ಯಾರಿಗೂ ಹೇಳಲಿಲ್ಲ. ಮುಂಗೈಯ ಮೇಲೆ ಎದ್ದ ಗಾಯಕ್ಕೆ ಕೆಂಪಾಜಮ್ಮನೇ ಸುಣ್ಣ ಅರಿಸಿನ ಹಚ್ಚಿ, “ಪೆಟ್ಗೆ ಮೊಳೆ ನೋಡ್ಕಂಡು ಒರ್ಬಾರ್ದಾ?” ಎಂದು ಮರುಗಿದಳು. ಮರುದಿನ ಮತ್ತೊಂದು ಸಲ ನೋಡಿದ. ಎರಡನೆಯ ಗಾಯ ಮೊದಲನೆಯದಕ್ಕಿಂತ ಆಳವಾಗಿತ್ತು. ಮನೆಯಲ್ಲಿ ಹೆಂಡತಿಯದು ಒಂದು ಕಾವಲು ಸಾಲದೆಂದು ಈಗ ಕೋಳಿಯದೂ ಆಯಿತಲ್ಲ ಎಂದು ಅವನಿಗೆ ಕಣ್ಣಲ್ಲಿ ನೀರು ಬಂತು.

ಮೂರು ವಾರ ಕಳೆಯಿತು. ಮರಿ ಚಿಂವ್ ಎನ್ನಬೇಕಾದ ಹೊತ್ತಿಗೆ ಕುಕ್ಕೆ ತೆಪ್ಪಗಿತ್ತು. ಕೆಂಪಾಜಮ್ಮ ಉಗುರು ಬೆಚ್ಚಗಿನ ನೀರಿಗೆ ಒಂದು ಮೊಟ್ಟೆ ಬಿಟ್ಟು ನೋಡಿದಳು. ಒಳಗೆ ಮರಿ ಇದ್ದರೆ ಮೊಟ್ಟೆ ತಾನಾಗಿ ಅಲ್ಲಾಡಬೇಕು. ಅದು ಅಲ್ಲಾಡಲಿಲ್ಲ. ನಾಲ್ಕನೆಯ ವಾರವೂ ದಾಟಿತು. ಕೋಳಿ ಮಾತ್ರ ಏಳಲೊಲ್ಲದು. ಮೇವು ನೀರು ಬಿಟ್ಟು, ಎದೆಯ ಪುಕ್ಕ ಉದುರಿ, ಕತ್ತು ಕಡ್ಡಿಯಾಗಿ, ತಪಸ್ಸಿಗೆ ಕೂತವರ ಹಾಗೆ ಕೂತೇ ಇತ್ತು. ಎತ್ತಿ ಆಚೆ ಬಿಟ್ಟರೂ ಓಡಿ ಬಂದು ಮತ್ತೆ ಅದೇ ಮೊಟ್ಟೆಗಳ ಮೇಲೆ ಕೂರುತ್ತಿತ್ತು.

“ನಿನ್ ಮೊಟ್ಟೆ ಗೊಡ್ಡು ಕನಕ್ಕಾ,” ಎಂದು ಸಾಕಮ್ಮ ಬೇಲಿಯಾಚೆಯಿಂದ ಆರಂಭಿಸಿದಳು.

“ನನ್ ಮೊಟ್ಟೆ ಗೊಡ್ಡಾ? ನಿನ್ ಕೋಳೀಲಿ ಕಾವೇ ಇಲ್ಲ. ಮುದ್ಕಿ ಕೋಳಿ ತಂದು ನನ್ ತಲೆಗೆ ಕಟ್ಬುಟ್ಟೆ.”

“ನನ್ ಕೋಳಿ ಕಲ್ ಮಡಗುದ್ರೂ ಮರಿ ಮಾಡ್ತದೆ!”

“ಅಂಗಾರೆ ಕಲ್ಲೇ ಮಡಗ್ಬೇಕಾಗಿತ್ತು! ಬಾಣಂತಿ ಬಾಯ್ಗೆ ಮಣ್ಣಾಕ್ದಲ್ಲೇ!”

ಅಲ್ಲಿಂದ ಮಾತು ಕೋಳಿ ಬಿಟ್ಟು ಹಬ್ಬಕ್ಕೆಂದು ಒಯ್ದು ಹಿಂದಿರುಗಿಸದ ಒನಕೆಗೆ ಹೋಯಿತು, ಒನಕೆಯಿಂದ ಸಾಕಮ್ಮನ ನಾದಿನಿಗೆ ಹೋಯಿತು, ನಾದಿನಿಯಿಂದ ಕೆಂಪಾಜಮ್ಮನ ತವರಿಗೆ ಹೋಯಿತು. ಕೊನೆಗೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದ ರಂಗನಾಯಕನ ಮುಂದೆ ಬಂದು ನಿಂತರು.

“ನೀನು ಸರ್ಕಾರಿ ಮನ್ಸ, ನೀನೇ ಏಳಣ್ಣಾ,” ಎಂದಳು ಸಾಕಮ್ಮ. “ತಪ್ಪು ಕೋಳೀದಾ, ಮೊಟ್ಟೇದಾ?”

ನ್ಯಾಯ ಕೇಳಬೇಕಾದವನನ್ನೇ ನ್ಯಾಯ ಹೇಳು ಎಂದರೆ ಅವನಾದರೂ ಏನು ಮಾಡಬೇಕು? ರಂಗನಾಯಕ ಬಿಲ್ಲೆಯನ್ನು ಸರಿಮಾಡಿಕೊಂಡು, “ಎರಡ್ರುದೂ ಅಲ್ಲ. ಗುಡುಗು,” ಎಂದ.

“ಗುಡುಗಾ? ಒಂದ್ ತಿಂಗ್ಳಿಂದ ಮೋಡದ್ ಚೂರು ಕಂಡಿಲ್ಲ.”

“ನೀವು ಮಲ್ಗಿದ್ರಿ. ನಂಗೆ ಕೇಳುಸ್ತು.”

ಯಾರೂ ನಂಬಲಿಲ್ಲ. ಅವತ್ತಿಂದ ಎರಡು ಮನೆಗೂ ಮಾತು ನಿಂತಿತು. ಬಾವಿಗೆ ಹೋಗುವ ದಾರಿ ಸಾಕಮ್ಮನ ಬಾಗಿಲ ಮುಂದೆ ಇದ್ದದ್ದರಿಂದ ಕೆಂಪಾಜಮ್ಮ ಅತ್ತ ಕಾಲಿಡುವುದಿಲ್ಲವೆಂದು ಆಣೆ ಇಟ್ಟಳು. ಹೀಗಾಗಿ ಮನೆಗೆ ನೀರು ಹೊರುವ ಕೆಲಸವೂ ರಂಗನಾಯಕನ ಹೆಗಲಿಗೇ ಬಂತು. ಒಂದು ಮೊಟ್ಟೆಯನ್ನೂ ತಿನ್ನದೆ ಹನ್ನೊಂದು ಮೊಟ್ಟೆಯ ಪಾಪ ಹೊರುವುದೆಂದರೆ ಇದು. ಕದ್ದು ತಿಂದವನಿಗೆ ಶಿಕ್ಷೆಯಾದರೆ ಒಂದು ಅರ್ಥವಿದೆ, ಕದ್ದೂ ತಿನ್ನದವನಿಗೆ?

ಇಷ್ಟರಲ್ಲಿ ಡಾಕ್ಟರ ಕ್ಯಾಂಪು ರಂಗನಾಯಕನ ಊರಿಗೇ ಬಿತ್ತು.

ಸಂಜೆ ಚಾವಡಿಯ ಮುಂದೆ ಜನ ಸೇರಿದ್ದರು. ಬಟ್ಟೆ ಕಟ್ಟಿಯಾಗಿತ್ತು. ಡಾಕ್ಟರು ಪಟೇಲರ ಮನೆಯ ಕುರ್ಚಿಯ ಮೇಲೆ ಕೂತು ಕತ್ತಲಾಗುವುದನ್ನು ಕಾಯುತ್ತಿದ್ದರು. ಅತ್ತಲಿಂದ ಕೆಂಪಾಜಮ್ಮ ಕೋಳಿಯ ಸಮೇತ ಕುಕ್ಕೆಯನ್ನು ಸೊಂಟದ ಮೇಲೆ ಹೊತ್ತು ಬಂದಳು. ಇತ್ತಲಿಂದ ಸಾಕಮ್ಮ ಬಂದಳು. ಡಾಕ್ಟರ ಬಾಯಿಂದಲೇ ತೀರ್ಮಾನವಾಗಲಿ ಎಂದು ಇಬ್ಬರೂ ಪಟೇಲರ ಮೂಲಕ ಒಪ್ಪಿದ್ದ ವಿಷಯ ರಂಗನಾಯಕನಿಗೆ ಗೊತ್ತೇ ಇರಲಿಲ್ಲ.

ಅವನು ಎರಡು ಕೈ ಚಾಚಿ ಅಡ್ಡ ನಿಂತ. “ಈಗ್ ಬ್ಯಾಡ, ಈಗ್ ಬ್ಯಾಡ. ಸ್ವಾಮ್ಗೋಳ್ಗೆ ಆಯಾಸ ಆಗದೆ.”

“ನನಗೇನೂ ಆಯಾಸವಿಲ್ಲ. ಏನಮ್ಮ, ಏನು ವಿಷಯ?” ಎಂದರು ಡಾಕ್ಟರು.

“ಬುದ್ದೀ, ಮೊಟ್ಟೆ ಇಚಾರ,” ಎಂದಳು ಕೆಂಪಾಜಮ್ಮ.

ಡಾಕ್ಟರ ಮುಖ ಅರಳಿತು. ಇಷ್ಟು ಊರು ಸುತ್ತಿ ಉಪನ್ಯಾಸ ಮಾಡಿದ್ದರೂ ಮೊಟ್ಟೆಯ ವಿಷಯದಲ್ಲಿ ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ. ಇಬ್ಬರ ದೂರನ್ನೂ ಸಾವಧಾನವಾಗಿ ಕೇಳಿದರು. “ಇದೇನು ಮಹಾ, ದೀಪದ ಮುಂದೆ ಹಿಡಿದರೆ ಒಳಗಿನದು ಗೊತ್ತಾಗುತ್ತದೆ. ರಂಗಾ, ಲ್ಯಾಂಟರ್ನ್ ಹಚ್ಚು.”

ರಂಗನಾಯಕ ಕಡ್ಡಿ ಗೀರಿದ. ಆರಿತು. ಇನ್ನೊಂದು ಗೀರಿದ. ಅದೂ ಆರಿತು. ಪಟೇಲರೇ ಎದ್ದು ಬಂದು ಹಚ್ಚಿದರು. ಡಾಕ್ಟರು ಕೋಳಿಯ ಕೆಳಗಿನಿಂದ ಒಂದು ಮೊಟ್ಟೆ ತೆಗೆಸಿ (ಕೆಂಪಾಜಮ್ಮನಿಗೆ ಆ ಕೋಳಿ ಕುಕ್ಕಲಿಲ್ಲ, ಇದನ್ನೂ ಗಮನಿಸಿ) ದೀಪದ ಮುಂದೆ ಹಿಡಿದರು. ಬೆಳಕು ತೂರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಕನ್ನಡಕ ಏರಿಸಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದವರು, ದಪ್ಪ ತುದಿ ಕಣ್ಣಿಗೆ ಬೀಳುತ್ತಲೇ ತಟ್ಟನೆ ನಿಂತರು. ಇನ್ನೊಂದನ್ನು ತೆಗೆಸಿದರು. ಮತ್ತೊಂದನ್ನೂ ತೆಗೆಸಿದರು. ಎಲ್ಲದರ ದಪ್ಪ ತುದಿಯಲ್ಲೂ ಸಾಸಿವೆಗಿಂತ ಸಣ್ಣ ತೂತು.

ಅವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಒಂದನ್ನು ಕುರ್ಚಿಯ ಕಾಲಿಗೆ ತಟ್ಟಿ ಒಡೆದರು. ಒಳಗಿನದು ಗಟ್ಟಿಯಾಗಿ, ಬಣ್ಣಗೆಟ್ಟು, ಒಣಗಿ ಕೂತಿತ್ತು.

“ಅಮ್ಮಾ, ಇದು ಬೆಂದ ಮೊಟ್ಟೆ.”

“ಬೆಂದದಾ?” ಸಾಕಮ್ಮ ಎದೆ ತಟ್ಟಿಕೊಂಡು ಜನರ ಕಡೆ ತಿರುಗಿದಳು. “ಕೇಳುದ್ರಾ? ನನ್ ಕೋಳೀಲಿ ಕಾವಿಲ್ಲ ಅಂದ್ಲಲ್ಲ! ಕಾವ್ ಜಾಸ್ತಿಯಾಗಿ ಬೆಂದೇ ಓಗದೆ!”

ಜನರಲ್ಲಿ ಗುಜುಗುಜು ಎದ್ದಿತು. ಅಂಥ ಕೋಳಿ ಇದ್ದರೆ ಸೌದೆಯೇ ಬೇಡವೆಂದು ಯಾರೋ ಅಂದರು. ರಂಗನಾಯಕನಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಇದೇ ಮಾತು ನಿಂತುಬಿಡಲಿ ಎಂದು ಮನೆದೇವರಿಗೆ ಹರಕೆ ಹೊತ್ತ.

“ಕೋಳಿಯ ಕಾವಿಗೆ ಮೊಟ್ಟೆ ಬೇಯುವುದಿಲ್ಲ,” ಎಂದರು ಡಾಕ್ಟರು. “ಮತ್ತೆ, ಯಾವ ಕೋಳಿಯೂ ಗುಂಡುಸೂಜಿ ಇಟ್ಟುಕೊಂಡಿರುವುದಿಲ್ಲ. ರಂಗಾ, ನಿನ್ನ ರುಮಾಲು ಬಿಚ್ಚು.”

ರುಮಾಲು ಬಿಚ್ಚುವುದೇ ಬೇಕಾಗಲಿಲ್ಲ. ಲ್ಯಾಂಟರ್ನಿನ ಬೆಳಕಿಗೆ ಸೂಜಿಯ ಗುಂಡು ಹಣೆಯ ಮೇಲೆ ತಾನಾಗಿಯೇ ಮಿನುಗುತ್ತಿತ್ತು.

ಊರೆಲ್ಲ ಅವನನ್ನೇ ನೋಡಿತು. ಇಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದಿದ್ದ ಹೆಂಗಸರಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರು. “ಅಯ್ಯೋ, ನಾನ್ ನಿನ್ ಮೊಟ್ಟೆ ಆಡ್ಕಂಡ್ನಲ್ಲಕ್ಕಾ,” ಎಂದಳು ಸಾಕಮ್ಮ. “ನಾನೂ ನಿನ್ ಕೋಳಿ ಮಾನ ಕಳುದ್ನಲ್ಲವ್ವಾ,” ಎಂದಳು ಕೆಂಪಾಜಮ್ಮ. ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡು ಒಟ್ಟಿಗೆ ಅವನ ಕಡೆ ತಿರುಗಿದರು.

ರಂಗನಾಯಕನಿಗೂ ಅಷ್ಟು ದಿನದ ಸಂಕಟ ಉಕ್ಕಿ ಬಂತು. ಸಿಕ್ಕಿಬಿದ್ದ ಮೇಲೆ ಇನ್ನೇನು ಭಯ? “ಔದು, ನಾನೇ ಬೇಯ್ಸ್ದೆ! ಏನೀಗ? ಸ್ವಾಮ್ಗೋಳೇ ಏಳಿಲ್ವಾ, ದುಡ್ದು ಮೈ ಸವ್ದೋರ್ಗೆ ಬೇಯ್ಸಿದ್ ಮೊಟ್ಟೇನೇ ಆಗ್ಬೇಕು ಅಂತ? ಊರೂರ್ಗೂ ಏಳ್ತೀರಿ ಬುದ್ದಿ, ನನ್ ಮನೇಲಿ ಒಂದ್ ಮಾತು ಏಳಿ! ನಂಗ್ ಬ್ಯಾಡ್ವಾ ಪುಸ್ಟಿ? ಒಂದೇ ಒಂದು ತಿಂದಿದ್ರೆ ನನ್ ನಾಲ್ಗೆ ಸೇದೋಗ್ಲಿ!”

ಮಾತು ನ್ಯಾಯವಾಗಿತ್ತು. ಜನ ಕೆಂಪಾಜಮ್ಮನನ್ನು ನೋಡಿದರು. ಅವಳು ಕೂಗಾಡಲಿಲ್ಲ. ಸೆರಗು ಹೊದ್ದುಕೊಂಡು ಬಹಳ ವಿನಯದಿಂದ ಡಾಕ್ಟರನ್ನು ಕೇಳಿದಳು.

“ಬುದ್ದೀ, ಅದು ದಿಟವಾ? ಮೈ ಸವ್ದೋರ್ಗೆ ಮೊಟ್ಟೆ ಬೇಯ್ಸಿ ಕೊಡ್ಬೇಕಾ?”

“ದಿಟವಮ್ಮ. ಅದಕ್ಕೆ ಸಮನಾದದ್ದಿಲ್ಲ.”

“ಅಗ್ಲೂ ರಾತ್ರಿ ಉಣ್ದೆ, ತಿನ್ದೆ, ಕೂತ್ ಜಾಗ ಬಿಟ್ಟೇಳ್ದೆ, ಇನ್ನೊಬ್ರುಗೋಸ್ಕರ ಸವ್ದೋಗಿದ್ರೆ?”

“ಅಂಥವರಿಗೇ ಮೊದಲು ಕೊಡಬೇಕು,” ಎಂದರು ಡಾಕ್ಟರು.

ರಂಗನಾಯಕ ಎದೆ ಉಬ್ಬಿಸಿ ರುಮಾಲು ಸರಿಮಾಡಿಕೊಂಡ. ಕೆಂಪಾಜಮ್ಮ ಕುಕ್ಕೆಗೆ ಕೈ ಹಾಕಿ, ಎದೆಯ ಪುಕ್ಕವೆಲ್ಲ ಉದುರಿ ಮೂಳೆ ಚಕ್ಕಳವಾಗಿದ್ದ ಕರಿ ಕೋಳಿಯನ್ನು ಎತ್ತಿ ಡಾಕ್ಟರ ಮುಂದೆ ಹಿಡಿದಳು.

“ಇದಕ್ ಕೊಡ್ಬೋದಾ ಬುದ್ದಿ?”

ಡಾಕ್ಟರು ಕೋಳಿಯನ್ನು ನೋಡಿದರು, ಜವಾನನನ್ನು ನೋಡಿದರು. ಇಬ್ಬರಲ್ಲಿ ಯಾರು ಹೆಚ್ಚು ಸವೆದಿದ್ದಾರೆಂಬುದರಲ್ಲಿ ವಾದಕ್ಕೆ ಎಡೆಯಿರಲಿಲ್ಲ. “ಕೊಡಬಹುದು,” ಎಂದರು. “ಹೊಸ ಮೊಟ್ಟೆ ಬೇಯಿಸಿ ಪುಡಿಮಾಡಿ ಹಾಕಿ. ಬೇಗ ಚೇತರಿಸಿಕೊಂಡರೆ ಮತ್ತೆ ಕಾವಿಗೆ ಬರುತ್ತದೆ.”

“ಮಗ್ಳು ಬಾಣಂತನದೊತ್ಗೆ ಮರಿ ಆಗ್ಬೇಕು ಬುದ್ದಿ. ಬೇಯ್ಸೋಕೆ ಮನೇಲಿ ಆಳು ಅವ್ನೆ,” ಎಂದು ಕೆಂಪಾಜಮ್ಮ ಕುಕ್ಕೆ ಎತ್ತಿಕೊಂಡು ಹೊರಟಳು.

ಆಮೇಲೆ ಉಪನ್ಯಾಸ ನಡೆಯಿತು. ಮೊಟ್ಟೆಯ ಗಾಜು ಬಂದಾಗ ಡಾಕ್ಟರು ಹೊಸದಾಗಿ ಒಂದು ಮಾತು ಸೇರಿಸಿದರು: “ಮಹಾಜನರೇ, ಬೇಯಿಸಿದ ಮೇಲೆ ತಿನ್ನಬೇಕು, ಕಾವಿಗೆ ಇಡಬಾರದು.” ಜನ ಬಿದ್ದು ಬಿದ್ದು ನಕ್ಕರು. ಅದು ಎಷ್ಟು ಚೆನ್ನಾಗಿ ಹತ್ತಿತೆಂದರೆ ಅಲ್ಲಿಂದ ಮುಂದೆ ಬದನವಾಳಿನಲ್ಲೂ ಅದೇ ಮಾತು, ತಗಡೂರಿನಲ್ಲೂ ಅದೇ ಮಾತು. ಪ್ರತಿ ಊರಿನಲ್ಲೂ ಜನ ನಗುವಾಗ ಮೊಟ್ಟೆಯ ಗಾಜನ್ನು ಅಲುಗದಂತೆ ಹಿಡಿದುಕೊಂಡು ನಿಲ್ಲಬೇಕಾದವನು ರಂಗನಾಯಕ.

ಇನ್ನು ಮನೆಯಲ್ಲಿ. ದಿನವೂ ಕೆಲಸ ಮುಗಿಸಿ ಬಂದು, ಡವಾಲಿ ಬಿಚ್ಚಿ ಗೂಟಕ್ಕೆ ಹಾಕಿ, ಅವನು ಒಲೆಯ ಮುಂದೆ ಕೂರುತ್ತಾನೆ. ಗುಂಡುಸೂಜಿಯಿಂದ ಚುಚ್ಚುತ್ತಾನೆ, ಬೇಯಿಸುತ್ತಾನೆ, ತಣ್ಣೀರಿಗೆ ಹಾಕಿ ಸಿಪ್ಪೆ ಸುಲಿಯುತ್ತಾನೆ. ಕರಿ ಕೋಳಿ ಪಕ್ಕದಲ್ಲಿ ನಿಂತು, ತಡವಾದರೆ ಮಂಡಿಗೆ ಒಂದು ಕುಕ್ಕುತ್ತದೆ. ಕೆಂಪಾಜಮ್ಮ ಬಾಗಿಲಲ್ಲಿ ಕೂತು ನೋಡುತ್ತಾಳೆ. ಸಿಪ್ಪೆಗೆ ಅಂಟಿದ ಬಿಳಿಯ ಚೂರಿನ ಮೇಲೂ ಅವಳ ಕಣ್ಣಿರುತ್ತದೆ.

“ಸಣ್ಣುಕ್ಕೆ ಇವುಚು,” ಎನ್ನುತ್ತಾಳೆ. “ಗಂಟ್ಲುಗೆ ಸಿಗಾಕ್ಕಂಡಾತು.”

ಇಷ್ಟು ವರ್ಷದ ಸಂಸಾರದಲ್ಲಿ ಅವನ ಗಂಟಲಿನ ಬಗ್ಗೆ ಅವಳು ಹೀಗೆ ಒಂದು ದಿನವೂ ಹೆದರಿದ್ದಿಲ್ಲ. ಒಂದು ಸಂಜೆ ರಂಗನಾಯಕನಿಗೆ ಮೈಯೆಲ್ಲ ಉರಿಯಿತು.

“ಮೆಣಸಿನ್ ಪುಡಿನೂ ಉದುರಿಸ್ಲಾ?” ಎಂದ ಹಲ್ಲು ಕಚ್ಚಿಕೊಂಡು.

“ಬ್ಯಾಡ ಬ್ಯಾಡ,” ಎಂದಳು ಕೆಂಪಾಜಮ್ಮ ನಿಜವಾಗಿಯೂ ಗಾಬರಿಯಿಂದ. “ಅದುಕ್ಕೆ ಉಸ್ಣ ಆಯ್ತದೆ.”